ಹತ್ತನೆಯ ಕಿಡ್ನಿ

"ಒಂಬತ್ತೂ ಕಿಡ್ನಿ ಮುಟ್ಟ್ಯಾವಲ್ರೀ? ಹಂಗಾರ ಹತ್ತನೇದ್ದೂ ಇದ ವಾರದಾಗ ಕೊಡ್ತೇನಿ, ಡಾಕ್ಟರಿಗೆ ಹೇಳಿಬಿಡ್ರಿ!"

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗ ನಡೆಯುವ ಹೊತ್ತಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಆಗದ ಕೆಲಸ. ಚಹಾದಂಗಡಿಯ ಮುಂದೆ ನಿಂತು ನಾನು ಕೂಗಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಪಕ್ಕದ ಮಗ್ಗದ ಮಾಲಕ ಚಹಾದ ಬಸಿಯನ್ನು ತುಟಿಯ ಹತ್ತಿರವೇ ಹಿಡಿದು ನನ್ನನ್ನು ನೋಡಿದ.

"ಲೇ, ಸಾವಕಾಶ ಮಾತಾಡೋ. ಪೊಲೀಸರ ಕಿವಿಗಿ ಬಿದ್ದೀತು."

"ಬೀಳ್ಲಿ ಬಿಡು. ಅವ್ರಿಗೂ ಒಂದ ಮಾಡಿ ಕೊಡ್ತೇನಿ."

"ನನ್ನಾವೂ ಎರಡ ಅದಾವ ನೋಡು. ಒಂದ ಸುಮ್ನ ಕುಂತೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದೂವರೆ ವರ್ಷದಿಂದ ಈ ನಗೆ ನಡೆದೇ ಇತ್ತು. ಅವನಿಗೆ ನನ್ನ ಕೆಲಸ ಏನೆಂದು ಎಷ್ಟು ಸಲ ಹೇಳಿದ್ದೆನೋ, ಅವನು ಅಷ್ಟೂ ಸಲ ಮರೆತಿದ್ದ.

ಕೆಲಸ ಇದು. ಆಸ್ಪತ್ರೆಯ ಸ್ಕ್ಯಾನಿನಲ್ಲಿ ಮನುಷ್ಯನ ಹೊಟ್ಟೆ ಬ್ರೆಡ್ಡು ಕೊಯ್ದ ಹಾಗೆ ಪದರು ಪದರಾಗಿ ಕಾಣುತ್ತದೆ. ಪ್ರತಿ ಪದರಿನಲ್ಲೂ ಕಿಡ್ನಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಬಣ್ಣ ತುಂಬಿ ಗುರುತಿಸಬೇಕು. ಪದರುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಿಡ್ನಿಯ ಆಕಾರ ಎದ್ದು ನಿಲ್ಲುತ್ತದೆ. ಆಮೇಲೆ ಆ ಆಕಾರವನ್ನು ನಾಲ್ಕು ಮೂಲೆಯ ಲಕ್ಷಾಂತರ ಸಣ್ಣ ಹರಳುಗಳಾಗಿ ಒಡೆಯಬೇಕು. ಹರಳಿಗೆ ಹರಳು ಸಂದಿಲ್ಲದೆ ಕೂಡಿರಬೇಕು. ಇದಕ್ಕೆ ಕಲಿತವರು ಮೆಶ್ ಎನ್ನುತ್ತಾರೆ, ನಾನು ಜಾಲರಿ ಎನ್ನುತ್ತೇನೆ. ಸೂಜಿ ಒತ್ತಿದರೆ ಕಿಡ್ನಿ ಎಷ್ಟು ತಗ್ಗುತ್ತದೆ, ಯಾವ ಕಡೆ ಜಾರುತ್ತದೆ ಎಂದು ಪ್ರಯೋಗಾಲಯದ ಕಂಪ್ಯೂಟರು ಪ್ರತಿ ಹರಳಿನ ಲೆಕ್ಕ ಹಾಕಿ ಹೇಳುತ್ತದೆ. ಕಲ್ಲು ತೆಗೆಯುವ ಡಾಕ್ಟರು ರೋಗಿಯ ಬೆನ್ನಿಗೆ ಸೂಜಿ ಚುಚ್ಚುವ ಮುನ್ನ ಈ ಲೆಕ್ಕದ ಕಿಡ್ನಿಗೆ ಚುಚ್ಚಿ ನೋಡಬಹುದು.

ಏಳನೆಯ ತರಗತಿಗೆ ಸಾಲೆ ಬಿಟ್ಟವನಿಗೆ ಇದು ಹೇಗೆ ದಕ್ಕಿತೆಂದು ಕೇಳುವವರಿದ್ದಾರೆ. ನನಗೆ ಬರುತ್ತಿತ್ತು, ಅದಕ್ಕೆ ದಕ್ಕಿತು. ಇಪ್ಪತ್ತು ವರ್ಷ ಸೀರೆಯ ಸೆರಗಿನ ಚಿತ್ತಾರವನ್ನು ಕಂಪ್ಯೂಟರಿನಲ್ಲಿ ಚೌಕುಳಿ ಚೌಕುಳಿಯಾಗಿ ತುಂಬಿ, ಮಗ್ಗಕ್ಕೆ ತೂತಿನ ಕಾರ್ಡು ಹೊಡೆಸಿ ಕೊಟ್ಟವನು ನಾನು. ಬೇರೆ ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯ ನಡೆಸುವ ಮೇಡಂ ಒಂದು ಬಟ್ಟೆಯ ಮಾದರಿ ನೇಯಿಸಲು ನಮ್ಮೂರಿಗೆ ಬಂದಿದ್ದರು. ನಾನು ನವಿಲಿನ ಗರಿಯಲ್ಲಿ ಒಂದೊಂದೇ ಚೌಕುಳಿ ತಿದ್ದುವುದನ್ನು ನನ್ನ ಬೆನ್ನ ಹಿಂದೆ ಅರ್ಧ ತಾಸು ನಿಂತು ನೋಡಿದರು. ಕೊನೆಗೆ, "ನಮ್ಮ ಹುಡುಗರಿಗೆ ಇಷ್ಟು ತಾಳ್ಮೆ ಇಲ್ಲ. ನಾವು ಸ್ಕ್ಯಾನ್ ಕೊಟ್ಟರೆ ಹೀಗೇ ತುಂಬಿಕೊಡ್ತೀರಾ?" ಎಂದು ಕೇಳಿದರು. ಮೊದಲು ಬಣ್ಣ ತುಂಬುವುದು ಮಾತ್ರ ನನ್ನ ಕೆಲಸವಾಗಿತ್ತು. ಜಾಲರಿ ಹೆಣೆಯುವುದನ್ನು ನಾನೇ ಹಟ ಹಿಡಿದು ಕಲಿತೆ.

ಒಂಬತ್ತು ಕಿಡ್ನಿಗಳು ಅಭ್ಯಾಸಕ್ಕೆ ಮಾಡಿದವು. ಹತ್ತನೆಯದು ಹಾಗಲ್ಲ ಎಂದು ಮೇಡಂ ಆ ಸೋಮವಾರ ಫೋನಿನಲ್ಲಿ ಬಿಡಿಸಿ ಹೇಳಿದ್ದರು. ಹಾಸಿಗೆಯ ಮೇಲೆ ಒಬ್ಬ ಮನುಷ್ಯನಿದ್ದ. ಹುಟ್ಟಿನಿಂದ ಬೆನ್ನು ಬಾಗಿದವನು. ಬಲಗಡೆಯ ಕಿಡ್ನಿಯಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು. ಎಡಗಡೆಯದು ಮೊದಲಿನಿಂದ ಸಣ್ಣದು, ಅದರ ಮೇಲೆ ಭಾರ ಹಾಕುವಂತಿರಲಿಲ್ಲ. ಒಮ್ಮೆ ಎಲ್ಲೋ ಚುಚ್ಚಲು ಹೋಗಿ ರಕ್ತ ಬಂದು ಅರ್ಧಕ್ಕೆ ನಿಲ್ಲಿಸಿದ್ದರು. ಈಗಿನ ಡಾಕ್ಟರು ಮುಂದಿನ ಮಂಗಳವಾರ ಬೆಳಿಗ್ಗೆ ಆಪರೇಶನ್ ಇಟ್ಟುಕೊಂಡಿದ್ದರು. ಅದಕ್ಕಿಂತ ಮೊದಲು ಅದೇ ಕಿಡ್ನಿಯ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದು ಅವರ ಆಸೆ.

ಸ್ಕ್ಯಾನು ಆದದ್ದು ಮುಧೋಳದಲ್ಲಿ. ಆ ಮೊದಲಿನ ಒಂಬತ್ತನ್ನೂ ಪ್ರಯೋಗಾಲಯದವರೇ ಸೋಸಿ, ಕಿಡ್ನಿಯ ಭಾಗ ಮಾತ್ರ ಕತ್ತರಿಸಿ ನನಗೆ ಕಳಿಸುತ್ತಿದ್ದರು. ಈ ಸಲ ಅಷ್ಟು ಹೊತ್ತಿರಲಿಲ್ಲ.

"ಅಲ್ಲಿಂದ ನಮಗೆ ಬಂದು, ಮತ್ತೆ ನಿಮಗೆ ಬರೋದರಲ್ಲಿ ಎರಡು ದಿನ ಹೋಗುತ್ತೆ. ನೀವೇ ಹೋಗಿ ತರ್ತೀರಾ? ಕತ್ತರಿಸೋದೂ ನೀವೇ ಮಾಡ್ಕೊಳ್ಳಿ," ಎಂದರು ಮೇಡಂ.

"ಅದೇನ ದೊಡ್ಡ ಕೆಲಸರಿ," ಎಂದೆ.

ಬೈಕು ತೆಗೆದುಕೊಂಡು ಹೊರಟೆ. ಕಬ್ಬು ಕಡಿಯುವ ದಿನಗಳು. ಮಹಾಲಿಂಗಪುರ ದಾಟುವವರೆಗೂ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ತೆವಳಿದೆ. ಸ್ಕ್ಯಾನ್ ಕೇಂದ್ರದವರು ರೋಗಿಯ ಹೆಸರು ಅಳಿಸಿ, ಒಂದು ಸಂಖ್ಯೆ ಮಾತ್ರ ಬರೆದ ಪೆನ್‌ಡ್ರೈವು ಕೊಟ್ಟರು. ಅಂಗಿಯ ಒಳಜೇಬಿನಲ್ಲಿ ಅದನ್ನಿಟ್ಟುಕೊಂಡು ಬರುವಾಗ, ಯಾರದೋ ಹೊಟ್ಟೆ ನನ್ನ ಎದೆಯ ಮೇಲಿದೆ ಎಂದು ಒಮ್ಮೆ ಅನಿಸಿತು.

ಮಧ್ಯಾಹ್ನವೇ ಕುಳಿತೆ. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಗಳು ಆ ದಿನ ಹುನ್ನೂರಿಗೆ ಮದುವೆಗೆ ಹೋಗಿದ್ದಳು. ಹಾಗಾಗಿ ನಾನೊಬ್ಬನೇ. ನಮ್ಮ ತಂತ್ರಾಂಶಕ್ಕೆ ಸ್ಕ್ಯಾನಿನ ಮೂಲ ಫೈಲು ತೆರೆಯಲು ಬರುವುದಿಲ್ಲ, ಅದಕ್ಕೆ ಚಿತ್ರಗಳ ಸಾಲು ಬೇಕು. ಮೊದಲು ಎಲ್ಲ ಪದರುಗಳನ್ನೂ ಚಿತ್ರಗಳಾಗಿ ಬದಲಿಸಿದೆ. ಕಪ್ಪುಬಿಳುಪಿನ ಮಟ್ಟ ಸರಿಮಾಡಿದೆ. ಎಲ್ಲವನ್ನೂ ಒಮ್ಮೆಲೇ ಎಡಬಲ ತಿರುವಿದೆ. ಬಲ ಕಿಡ್ನಿಯ ಸುತ್ತ ಚೌಕ ಹಾಕಿ ಉಳಿದದ್ದನ್ನು ಕತ್ತರಿಸಿ ಒಗೆದೆ. ಕಡತ ಹಗುರಾಯಿತು. ಚಹಾ ಕುಡಿದು ಬಂದೆ.

ಮಂಗಳವಾರದಿಂದ ಇಬ್ಬರೂ ಕೆಲಸಕ್ಕೆ ಬಿದ್ದೆವು. ಅವಳು ಮೊದಲು ಮನೆಯಲ್ಲಿ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು. ಸುತ್ತುವ ಎಳೆಗಳಲ್ಲಿ ಒಂದು ತುಂಡಾದರೂ ಥಟ್ಟನೆ ಗೊತ್ತಾಗುತ್ತಿದ್ದ ಕಣ್ಣು. ನಾನು ಅವಳನ್ನು ತಂಗಿ ಎನ್ನುತ್ತೇನೆ, ಅವಳು ಅಣ್ಣಾ ಎನ್ನುತ್ತಾಳೆ. ಮಾತಿನಲ್ಲಿ ಮಾತ್ರ ಅಣ್ಣನೆಂಬ ಮುಲಾಜು ಇಟ್ಟುಕೊಂಡವಳಲ್ಲ.

ಕಿಡ್ನಿಯೊಳಗೆ ಮೂತ್ರ ಸೇರುವ ಸಣ್ಣ ಬಟ್ಟಲುಗಳಿರುತ್ತವೆ. ಕೆಲವು ಹೊಟ್ಟೆಯ ಕಡೆ ಮುಖ ಮಾಡಿರುತ್ತವೆ, ಕೆಲವು ಬೆನ್ನಿನ ಕಡೆ. ಡಾಕ್ಟರ ಸೂಜಿ ಬೆನ್ನಿನ ಕಡೆಯ ಬಟ್ಟಲೊಂದರ ತುದಿಯಿಂದ ಒಳಗೆ ಹೋಗಬೇಕು. ಅಲ್ಲಿ ರಕ್ತನಾಳ ಕಡಿಮೆ. ಕಲ್ಲಿನ ಒಂದು ಕವಲು ಅಂಥದೇ ಬಟ್ಟಲಿನ ಗೋಡೆಗೆ ಒತ್ತಿಕೊಂಡಿತ್ತು. ಗೋಡೆಯ ದಪ್ಪ ಎರಡು ಚೌಕುಳಿ, ಕೆಲವು ಕಡೆ ಒಂದೇ. ಆಕಾರವನ್ನು ನಯಮಾಡುವ ಆಜ್ಞೆ ಕೊಟ್ಟ ಕೂಡಲೇ ಮೆಟ್ಟಿಲು ಮೆಟ್ಟಿಲಾದ ಅಂಚು ಚಂದವಾಯಿತು, ಆದರೆ ಕಲ್ಲಿನ ತುದಿ ಕರಗಿತು.

"ಅಣ್ಣಾ, ಕಲ್ಲ ಸಣ್ಣದಾತಲ್ಲ," ಎಂದಳು ತಂಗಿ.

"ನಯಾ ಮಾಡಿದ್ರ ಅಷ್ಟ ಆಗೂದ."

"ಡಾಕ್ಟರ್‌ಗ ಹೇಳ್ರಿ ಹಂಗಾರ, ಆಪರೇಶನ್ ಬ್ಯಾಡ. ನಮ್ಮಣ್ಣ ಕಂಪ್ಯೂಟರ್‌ದಾಗ ಕರಗಿಸ್ಯಾನ ಅಂತ."

ಹಿಂದಕ್ಕೆ ಹೋಗಿ, ಕಲ್ಲನ್ನು ಬೇರೆ, ಗೋಡೆಯನ್ನು ಬೇರೆ ಇಟ್ಟು ಮತ್ತೆ ನಯಮಾಡಿದೆ. ಪ್ರತಿ ಸಲವೂ ಮೊದಲಿನ ಗಾತ್ರ ಎಷ್ಟು, ಆಮೇಲಿನದು ಎಷ್ಟು ಎಂದು ವಹಿಯಲ್ಲಿ ಬರೆದುಕೊಂಡೆ. ಬುಧವಾರ ಹರಳು ತುಂಬಿದಾಗ ತೆಳು ಗೋಡೆಯಲ್ಲಿ ಒಂದೇ ಹರಳು ಅಡ್ಡ ಬಿದ್ದಿತ್ತು. ಅಷ್ಟು ಸಾಲದು. ಗೋಡೆ ಬಾಗುವುದನ್ನು ಲೆಕ್ಕ ಹಿಡಿಯಬೇಕಾದರೆ ದಪ್ಪದಲ್ಲಿ ಕಡಿಮೆಯೆಂದರೂ ಮೂರು ಹರಳು ಬೇಕು. ಆ ಜಾಗದಲ್ಲಿ ಮಾತ್ರ ಹರಳು ಸಣ್ಣದು ಮಾಡಿ, ಹೊರಗೆ ಹೋದಂತೆ ನಿಧಾನವಾಗಿ ದೊಡ್ಡದು ಮಾಡಿದೆ. ಆಗ ಚಪ್ಪಟೆ ಹರಳುಗಳು ಹುಟ್ಟಿಕೊಂಡವು, ಹೋಳಿಗೆಯ ಚೂರಿನ ಹಾಗೆ ಮೈ ಇಲ್ಲದವು. ಅಂಥದು ಒಂದಿದ್ದರೂ ಪ್ರಯೋಗಾಲಯದ ಕಂಪ್ಯೂಟರು ಅಲ್ಲಿಯೇ ಕೂತುಬಿಡುತ್ತದೆ. ಸಾವಿರದ ಹತ್ತಿರ ಇದ್ದವನ್ನು ತಂತ್ರಾಂಶವೇ ತಿದ್ದಿ ಅರವತ್ತಕ್ಕೆ ಇಳಿಸಿತು. ಅರವತ್ತನ್ನು ನಾನು ಕೈಯಿಂದ ತಿದ್ದಿದೆ. ಗುರುವಾರ ಸಂಜೆಗೆ ಒಂದೂ ಉಳಿಯಲಿಲ್ಲ.

ಶುಕ್ರವಾರ ಕಳಿಸಿದೆ. ಮಧ್ಯಾಹ್ನ ಮೇಡಂ ಫೋನು ಬಂತು.

"ಮೊದಲನೇ ಸಲಕ್ಕೇ ಓಡಿತು! ನಮ್ಮಲ್ಲಿ ಪಿಎಚ್‌ಡಿ ಮಾಡ್ತಿರೋರ ಮೆಶ್ ಮೂರು ಸಲ ನಿಲ್ಲುತ್ತೆ. ಒಂದೇ ಒಂದು, ದೇಹದ ಮಾದರಿಯೊಳಗೆ ಇಟ್ಟಾಗ ಕಿಡ್ನಿಯ ತಗ್ಗು ಹೊರಗಡೆ ನೋಡ್ತಾ ಇತ್ತು. ನಾವು ತಿರುಗಿಸಿ ಕೂರಿಸಿದೀವಿ."

ಕಿಡ್ನಿ ಗೋಡಂಬಿಯ ಆಕಾರದ್ದು. ಅದರ ತಗ್ಗು ಯಾವಾಗಲೂ ಬೆನ್ನುಮೂಳೆಯ ಕಡೆಗೇ ಇರಬೇಕು. ಹಿಂದಿನವುಗಳಲ್ಲೂ ಕೆಲವು ಓರೆಯಾಗಿ ಬಂದಿದ್ದವು, ಅವನ್ನೂ ಅವರು ಹೀಗೆ ತಿರುಗಿಸಿ ಕೂರಿಸಿದ್ದರು. ಹಾಗಾಗಿ ಆ ಮಾತು ಅವರಿಗೂ ದೊಡ್ಡದೆನಿಸಲಿಲ್ಲ, ನನ್ನ ಕಿವಿಯಲ್ಲೂ ನಿಲ್ಲಲಿಲ್ಲ. ಕಿವಿಯಲ್ಲಿ ನಿಂತದ್ದು ಪಿಎಚ್‌ಡಿಯ ಮಾತು. ಅದನ್ನು ಚಹಾದಂಗಡಿಯಲ್ಲಿ ಎರಡು ಸಲ ಹೇಳಿದೆ. ಮಗ್ಗದ ಮಾಲಕ, "ಅಂದ್ರ ಇನ್ನ ಮ್ಯಾಲ ನಿನಗ ಡಾಕ್ಟರ್ ಸಾಹೇಬ್ರ ಅನಬೇಕೇನಪಾ?" ಎಂದ. "ಅನ್ನು, ತಪ್ಪೇನೈತಿ," ಎಂದೆ. ಶನಿವಾರ ಡಾಕ್ಟರು ಅದರ ಮೇಲೆ ಅಭ್ಯಾಸ ಮಾಡಿ, ಸೂಜಿಯ ದಾರಿ ಆರಿಸಿಕೊಂಡರೆಂದು ಸುದ್ದಿ ಬಂತು.

ಸೋಮವಾರ ಬೆಳಿಗ್ಗೆ ಡಾಕ್ಟರು ಇನ್ನೊಂದು ಕೇಳಿದರಂತೆ. ಎಡಗಡೆಯ ಸಣ್ಣ ಕಿಡ್ನಿಯ ಆಕಾರವನ್ನೂ ಜೊತೆಗಿಟ್ಟು ನೋಡಬೇಕು, ಜಾಲರಿ ಬೇಡ, ಬರೀ ಆಕಾರ ಸಾಕು. ಸುಲಭದ ಕೆಲಸ. ನನ್ನ ಕತ್ತರಿಸಿದ ಚಿತ್ರಗಳಲ್ಲಿ ಎಡ ಕಿಡ್ನಿ ಇರಲಿಲ್ಲವಾದ್ದರಿಂದ ತಂಗಿಯೇ ಪೆನ್‌ಡ್ರೈವಿನಿಂದ ಹೊಸದಾಗಿ ಚಿತ್ರ ತೆಗೆದು ಬಣ್ಣ ತುಂಬಿದಳು. ಹನ್ನೊಂದೂವರೆಗೆ ಎರಡನ್ನೂ ಒಂದೇ ಪರದೆಯ ಮೇಲೆ ತೆರೆದಳು.

"ಅಣ್ಣಾ, ಇಲ್ಲಿ ಬರ್ರಿ. ಎರಡೂ ಒಂದ ಕಡಿ ಕುಂತಾವು."

ಸಣ್ಣ ಕಿಡ್ನಿ ದೊಡ್ಡ ಕಿಡ್ನಿಯ ಹೊಟ್ಟೆಯೊಳಗೆ ಹೊಕ್ಕು ಕುಳಿತಿತ್ತು. ಎರಡರ ತಗ್ಗೂ ಒಂದೇ ಕಡೆಗಿತ್ತು.

"ಎರಡೂ ಎಡಗಾಲ ಚಪ್ಪಲಿ ಹಾಕ್ಕೊಂಡ ಬಂದಾನ ಮನಶ್ಯಾ," ಎಂದು ಅವಳು ನಕ್ಕಳು.

"ನೀ ತಪ್ಪ ತಗದೀದಿ. ಉಲ್ಟಾ ಆಗೈತಿ ನಿಂದು."

"ನಾ ಏನೂ ತಿರುವಿಲ್ರಿ. ಪೆನ್‌ಡ್ರೈವ್‌ದಾಗ ಹ್ಯಾಂಗಿತ್ತೋ ಹಂಗ ತಗದೇನಿ."

"ಏಳು, ನಾ ನೋಡ್ತೇನಿ."

ಅವಳನ್ನು ಎಬ್ಬಿಸಿ ಕುಳಿತೆ. ಮೂಲ ಸ್ಕ್ಯಾನು ತೆರೆದೆ. ಪರದೆಯ ಎಡಕ್ಕೆ ಯಕೃತ್ತು ದೊಡ್ಡದಾಗಿ ಮಲಗಿತ್ತು. ಯಕೃತ್ತು ಇರುವುದು ಮನುಷ್ಯನ ಬಲಗಡೆ. ಅಂದರೆ ಪರದೆಯ ಎಡ ಎಂದರೆ ರೋಗಿಯ ಬಲ. ರೋಗಿಯ ಕಾಲ ಕಡೆ ನಿಂತು ನೋಡಿದ ಹಾಗೆ ಸ್ಕ್ಯಾನು ತೋರಿಸುವುದೇ ಅವರ ಪದ್ಧತಿ. ಅವಳದು ಸರಿ ಇತ್ತು. ತಿರುವಿದವನು ನಾನು.

ಯಾಕೆ ತಿರುವಿದೆ ಎಂದು ಈಗ ಬರೆಯುತ್ತೇನೆ. ನಮ್ಮ ಕಡೆ ಚಿತ್ತಾರದ ಸೀರೆಯನ್ನು ಮಗ್ಗದ ಮೇಲೆ ಮುಖ ಕೆಳಗೆ ಮಾಡಿ ನೇಯುತ್ತಾರೆ. ನೇಯುವವನಿಗೆ ಕಾಣುವುದು ಹಿಂಬದಿ. ಬಲಕ್ಕೆ ನೋಡುವ ನವಿಲು ಬೇಕಾದರೆ ಕಾರ್ಡು ಹೊಡೆಸುವ ಮುನ್ನ ಚಿತ್ತಾರವನ್ನು ಎಡಬಲ ತಿರುವಿ ಕೊಡಬೇಕು. ಇಪ್ಪತ್ತು ವರ್ಷ ಒಂದು ಚಿತ್ತಾರವನ್ನೂ ತಿರುವದೆ ಹೊರಗೆ ಬಿಟ್ಟವನಲ್ಲ ನಾನು. ಮೊದಲಿನ ಒಂಬತ್ತು ಕಿಡ್ನಿಗಳು ಕತ್ತರಿಸಿಯೇ ಬಂದಿದ್ದರಿಂದ ಅವುಗಳಲ್ಲಿ ತಿರುವುವ ಪ್ರಸಂಗವೇ ಬಂದಿರಲಿಲ್ಲ. ಹಿಂದಿನ ಸೋಮವಾರ ಮಧ್ಯಾಹ್ನ ಬಲ ಕಿಡ್ನಿ ಪರದೆಯ ಎಡಕ್ಕೆ ಕಂಡಾಗ ನನ್ನ ತಲೆ ಏನನ್ನೂ ಕೇಳಲಿಲ್ಲ, ಕೈ ತಾನಾಗಿ ಆ ಗುಂಡಿಗೆ ಹೋಯಿತು. ಯಕೃತ್ತನ್ನು ಆಮೇಲೆ ಕತ್ತರಿಸಿ ಒಗೆದಿದ್ದೆ. ಅದು ಉಳಿದಿದ್ದರೆ ಮರುದಿನವಾದರೂ ಕಣ್ಣಿಗೆ ಬೀಳುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಪ್ರಯೋಗಾಲಯದಲ್ಲಿ ತಗ್ಗು ಹೊರಗೆ ಕಂಡಾಗಲೇ ಸಿಕ್ಕಿಬೀಳುತ್ತಿತ್ತು. ಅವರು ಅದನ್ನು ತಿರುಗಿಸಿ ಕೂರಿಸಿದರು. ಎಡಗೈಯ ಕೈಗವಸನ್ನು ಬಲಗೈಗೆ ತೊಡಿಸಿದ ಹಾಗೆ. ಐದು ಬೆರಳೂ ಹೊಂದುತ್ತವೆ, ಆದರೆ ಅಂಗೈ ಭಾಗ ಹಿಂಗೈ ಮೇಲೆ ಬರುತ್ತದೆ. ಬೆನ್ನಿನ ಕಡೆಯ ಬಟ್ಟಲುಗಳು ಹೊಟ್ಟೆಯ ಕಡೆಗೂ, ಹೊಟ್ಟೆಯ ಕಡೆಯವು ಬೆನ್ನಿಗೂ ಬಂದಿದ್ದವು. ಡಾಕ್ಟರು ಶನಿವಾರ ಆರಿಸಿಕೊಂಡ ದಾರಿ ಆ ಮನುಷ್ಯನ ಮೈಯಲ್ಲಿ ಇರಲೇ ಇಲ್ಲ.

ತಂಗಿಯ ನಗೆ ನಿಂತಿತ್ತು. "ಆಪರೇಶನ್ ನಾಳಿ ಅಲ್ರಿ?"

"ನಾಳಿ ಮುಂಜಾನಿ."

ಅವಳು ಪರದೆಯ ಕಡೆ ತಿರುಗಿದಳು. "ಹಿಂಗ ಮಾಡ್ರಿ. ಸರಿ ಮಾಡಿ ಹೊಸಾದ ಕಳಿಸ್ರಿ. ಇನ್ನಷ್ಟ ಛಲೋ ಮಾಡೇವಿ, ಇದನ್ನ ಇಟ್ಕೋರಿ ಅನ್ರಿ. ಯಾರಿಗಿ ಗೊತ್ತಾಕೈತಿ?"

ನಾನು ಅವಳಿಗಿಂತ ಒಳ್ಳೆಯವನೆಂದು ಯಾರೂ ತಿಳಿಯಬಾರದು. ಅದೇ ವಿಚಾರ ನನ್ನ ತಲೆಯಲ್ಲಿ ಅವಳಿಗಿಂತ ಮೊದಲೇ ಬಂದಿತ್ತು. ಫೋನು ತೆಗೆದು ಮೇಡಂಗೆ ಬರೆದೂಬಿಟ್ಟಿದ್ದೆ: 'ಹತ್ತನೆಯದರಲ್ಲಿ ಗೋಡೆಯ ಭಾಗ ಇನ್ನೂ ಸುಧಾರಿಸಿದ್ದೇನೆ. ಹೊಸ ಪ್ರತಿ ಸಂಜೆಗೆ.' ಕಳಿಸುವ ಗುರುತಿನ ಮೇಲೆ ಬೆರಳಿತ್ತು. ಪಿಎಚ್‌ಡಿಯವರ ಮುಂದೆ ತಲೆ ಎತ್ತಿ ನಿಂತ ಮೂರು ದಿನಗಳು ನೆನಪಿಗೆ ಬಂದವು. ಇನ್ನು ಅಲ್ಲಿ, 'ಸಾಲೆ ಬಿಟ್ಟವನ ಕೈಗೆ ಕೊಟ್ಟರೆ ಇಷ್ಟೇ' ಎನ್ನುತ್ತಾರೆ. ಕೆಲಸವೇ ಹೋಗಬಹುದು.

ಆದರೆ ಡಾಕ್ಟರ ಕೈ? ಅದು ಶನಿವಾರವೇ ತಪ್ಪು ದಾರಿ ಕಲಿತು ಕುಳಿತಿತ್ತು. ಸುಧಾರಿಸಿದ ಪ್ರತಿ ಎಂದರೆ ಅವರು ತೆರೆದು ನೋಡಲಿಕ್ಕಿಲ್ಲ. ಹಳೆಯದೇ ಚೆನ್ನಾಗಿ ಓಡಿತಲ್ಲ ಎಂದು ಸುಮ್ಮನಾದರೆ? ಕೈ ಕಲಿತದ್ದು ತಾನಾಗಿ ಹೋಗುವುದಿಲ್ಲ, ಯಾರಾದರೂ ಎದುರು ನಿಂತು ತಪ್ಪೆಂದು ಹೇಳಬೇಕು. ಇದು ಆ ಹೊತ್ತಿಗೆ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬರೆದದ್ದನ್ನು ಅಳಿಸಿದೆ. ಫೋನು ಹಚ್ಚಿದೆ.

"ಮೇಡಂ, ಹತ್ತನೇದ್ದು ಎಡಬಲ ಅದಲಾಬದಲಿ ಆಗೈತಿ. ನಂದ ತಪ್ಪ. ಶನಿವಾರ ಡಾಕ್ಟರ್ ನೋಡಿದ್ದ ದಾರಿ ಖರೆ ದಾರಿ ಅಲ್ಲ."

ಮೇಡಂ ಕುರ್ಚಿ ಸರಿದ ಸದ್ದು ಕೇಳಿತು. ಆಮೇಲೆ, "ಡಾಕ್ಟರಿಗೂ ನೀವೇ ಹೇಳಿ, ಸೇರಿಸ್ತೀನಿ," ಎಂದರು.

ಡಾಕ್ಟರು ನಮ್ಮ ಕಡೆಯವರೇ ಎಂದು ಅವರ ಮೊದಲ ಮಾತಿನಲ್ಲೇ ತಿಳಿಯಿತು. ನಾನು ಕೈಗವಸಿನ ಲೆಕ್ಕದಲ್ಲೇ ಹೇಳಿದೆ.

"ಅಂದ್ರ ನಾ ಶನಿವಾರ ಬೆನ್ನಾಗಿಂದ ಹೋಗಿ ಮುಟ್ಟಿದ್ದು ಹೊಟ್ಟಿ ಕಡಿ ಬಟ್ಟಲಾ?"

"ಹೌದ್ರಿ."

"ನಾ ಏನ ಕಣ್ಣ ಮುಚ್ಚಿ ಚುಚ್ಚಾವಲ್ಲ. ಎಕ್ಸ್‌ರೇ ಇರ್ತೈತಿ. ಆದ್ರ ಬೆನ್ನ ಬಾಗಿದ ಮನಶ್ಯಾ, ಎಕ್ಸ್‌ರೇದಾಗ ಎಲ್ಲಾ ಒಂದರ ಮ್ಯಾಲ ಒಂದ ಬೀಳತೈತಿ. ಅದಕ್ಕ ನಿಮ್ಮನ್ನ ನಂಬಿದ್ದೆ." ಅವರೇ ಮುಂದೆ ಕೇಳಿದರು, "ಇದನ್ನ ಯಾರ ಹಿಡಿದ್ರು?"

"ನನ್ನ ಜೋಡಿ ಕೆಲಸಾ ಮಾಡೂ ಹೆಣ್ಣಮಗಳು."

"ನೀವು ಎಷ್ಟ ಓದೀರಿ?"

"ಏಳನೇತ್ತರಿ." ಬರುವ ಮಾತು ಗೊತ್ತಿತ್ತು, ಹಲ್ಲು ಕಚ್ಚಿ ನಿಂತೆ.

"ಇದು ಏಳನೇತ್ತ ಓದಿದಾವನ ತಪ್ಪ ಅಲ್ಲ. ಇಪ್ಪತ್ತ ವರ್ಷ ಕೆಲಸಾ ಮಾಡಿದಾವನ ತಪ್ಪ. ನಾವೂ ಮಾಡ್ತೇವಿ ಇಂಥಾವು." ಆಮೇಲೆ ದನಿ ಗಟ್ಟಿಯಾಯಿತು. "ನಾಲ್ಕಕ್ಕ ಸರಿ ಆದದ್ದು ಮೇಡಂ ಅವರ ಕಡೆ ಮುಟ್ಟಬೇಕು. ಅವರ ಕಂಪ್ಯೂಟರ್‌ದಾಗ ಮೂರ ತಾಸ ಓಡಬೇಕಲಾ ಅದು. ಸಂಜಿಕಿ ನಾ ಮತ್ತ ಚುಚ್ಚಿ ನೋಡ್ತೇನಿ. ಮುಟ್ಟಲಿಲ್ಲಾಂದ್ರ ಆಪರೇಶನ್ ಮುಂದ ಹಾಕ್ತೇನಿ. ಅವ ಜ್ವರದಾಗ ಇದ್ದಾನ, ಹಾಕಾಕ ಮನಸಿಲ್ಲ ನನಗ."

ಗಡಿಯಾರದಲ್ಲಿ ಹನ್ನೆರಡೂ ಹತ್ತು.

ಎಲ್ಲವನ್ನೂ ಮೊದಲಿನಿಂದ ಹೆಣೆಯಲು ಹೊತ್ತಿರಲಿಲ್ಲ. ಜಾಲರಿಯನ್ನೇ ಮರಳಿ ಎಡಬಲ ತಿರುವಿದೆ. ಅರೆಕ್ಷಣದಲ್ಲಿ ಆಯಿತು. ಪರೀಕ್ಷೆಯ ಆಜ್ಞೆ ಕೊಟ್ಟೆ, ಪರದೆ ತುಂಬ ಕೆಂಪು. ನಾಲ್ಕು ಲಕ್ಷದಷ್ಟಿದ್ದ ಹರಳುಗಳಲ್ಲಿ ಒಂದೂ ಪಾಸಾಗಲಿಲ್ಲ. ಪ್ರತಿ ಹರಳಿನ ನಾಲ್ಕು ಮೂಲೆಗಳಿಗೂ ಒಂದು ಸರದಿ ಇರುತ್ತದೆ. ಆ ಸರದಿಯಿಂದಲೇ ಕಂಪ್ಯೂಟರಿಗೆ ಒಳಗು ಯಾವುದು, ಹೊರಗು ಯಾವುದು ಎಂದು ಗೊತ್ತಾಗುವುದು. ತಿರುವಿದಾಗ ಎಲ್ಲವೂ ಒಳಹೊರಗಾಗಿದ್ದವು, ತೊಳೆದು ಹಿಂಡಿದ ಅಂಗಿಯ ತೋಳಿನ ಹಾಗೆ.

"ನಾಲ್ಕ ಲಕ್ಷ ಕೈಲೇ ತಿದ್ದೂದೇನ್ರಿ?" ತಂಗಿ ಕೇಳಿದಳು.

"ಛೇ. ಪ್ರತಿ ಒಂದರಾಗೂ ಎರಡ ಮೂಲಿ ಜಾಗಾ ಬದಲಿ ಮಾಡಿದ್ರ ಆತು. ಮೂರನೇದ್ದು ನಾಲ್ಕಕ್ಕ, ನಾಲ್ಕನೇದ್ದು ಮೂರಕ್ಕ."

ಹರಳುಗಳ ಪಟ್ಟಿ ಒಂದು ಉದ್ದನೆಯ ಬರಹದ ಕಡತ. ಸಾಲಿಗೊಂದು ಹರಳು, ಸಾಲಿನಲ್ಲಿ ನಾಲ್ಕು ಮೂಲೆಯ ಸಂಖ್ಯೆ. ಕೊನೆಯ ಎರಡು ಕಂಬ ಅದಲುಬದಲು ಮಾಡುವ ಸಣ್ಣ ಆಜ್ಞೆ ಬರೆದೆ. ಇಂಥದನ್ನು ನನಗೆ ಯಾವ ಸಾಲೆಯೂ ಕಲಿಸಿಲ್ಲ, ಸೀರೆಯ ಅಂಚಿನ ಕಡತಗಳಲ್ಲಿ ನಾನೇ ಕಲಿತದ್ದು. ಮತ್ತೆ ಪರೀಕ್ಷೆ. ಕೆಂಪು ಹೋಯಿತು. ಹೊರಗಿನ ತೆಳು ಹೊದಿಕೆಗೂ ಕಲ್ಲು ಗೋಡೆಗೆ ತಾಗುವ ಜಾಗಕ್ಕೂ ಇದನ್ನೇ ಮಾಡಬೇಕಿತ್ತು. ಹೊದಿಕೆ ಮೊದಲ ಸಲಕ್ಕೆ ಆಯಿತು. ತಾಗುವ ಜಾಗದಲ್ಲಿ ಒಂದು ಪಟ್ಟಿ ಬಿಟ್ಟುಹೋಗಿ ಕಲ್ಲು ಗೋಡೆಯನ್ನು ತೂರಿ ಹೊರಬಂತು. ಹುಡುಕಿ ತಿದ್ದುವಷ್ಟರಲ್ಲಿ ಎರಡೂವರೆ.

ಆಗ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಬ್ಯಾಟರಿಯ ಮೇಲೆ ಕಂಪ್ಯೂಟರು ಒಂದು ತಾಸು ಎಳೆಯುತ್ತದೆ, ಫ್ಯಾನು ಬಂದ್ ಮಾಡಿದರೆ ಇನ್ನೂ ಸ್ವಲ್ಪ. ಬಂದ್ ಮಾಡಿದೆವು. ಮಾಲಕ ಬಾಗಿಲಲ್ಲಿ ಇಣುಕಿದ.

"ಏನೋ ಡಾಕ್ಟರ್ ಸಾಹೇಬಾ, ಲೈಟ್ ಇಲ್ಲದ ಆಪರೇಶನ್ ನಡಸೀಯಲ್ಲೋ?"

"ಸುಮ್ನಿರೋ ಮಾರಾಯಾ. ಖರೇನ ಒಬ್ಬನ ಜೀವಾ ಐತಿ ಇದರಾಗ."

ಅವನು ನನ್ನ ಮುಖ ನೋಡಿದ. ಹೋಗಿ ತನ್ನ ಇನ್ವರ್ಟರಿನ ಬ್ಯಾಟರಿ ಹೊತ್ತು ತಂದು ನನ್ನ ಬಾಗಿಲಲ್ಲಿ ಇಟ್ಟ.

ಇನ್ನು ಸರಿಯಾಗಿದೆಯೇ ಎಂದು ನೋಡುವುದಿತ್ತು. ನಾನು ಮೌಸು ಹಿಡಿದೆ, ಮತ್ತೆ ಕೈಬಿಟ್ಟೆ. ನನ್ನ ಕಣ್ಣಿಗೆ ಶುಕ್ರವಾರವೂ ಎಲ್ಲ ಸರಿಯಾಗಿಯೇ ಕಂಡಿತ್ತು.

"ನೀ ನೋಡು," ಎಂದೆ ತಂಗಿಗೆ. "ನನಗ ಏನೂ ಕೇಳಬ್ಯಾಡ. ಪೆನ್‌ಡ್ರೈವ್‌ದಾಗಿನ ಸ್ಕ್ಯಾನ್ ತಗಿ, ಅದರ ಮ್ಯಾಲ ನನ್ನ ಕಿಡ್ನಿ ಇಟ್ಟ ನೋಡು. ಕೂಡ್ಲಿಲ್ಲಾಂದ್ರ ಕೂಡಿಲ್ಲ ಅನ್ನು."

ನಾನು ಹೊಸ್ತಿಲಿಗೆ ಹೋಗಿ ಕುಳಿತೆ. ಅವಳು ಹತ್ತು ಪದರಿಗೊಮ್ಮೆ ನಿಲ್ಲಿಸಿ ಗಟ್ಟಿಯಾಗಿ ಹೇಳುತ್ತ ಹೋದಳು. ಯಕೃತ್ತು ಮೇಲಿದೆ, ಅದೇ ಕಡೆ ಇದೆ. ತಗ್ಗು ಬೆನ್ನುಮೂಳೆಯ ಕಡೆ ಇದೆ. ಕಲ್ಲಿನ ಮೇಲೆ ಕಲ್ಲು ಕೂತಿದೆ. ಬೆನ್ನಿನ ಕಡೆಯ ಬಟ್ಟಲು ಬೆನ್ನಿನ ಕಡೆಗೇ ಇದೆ. ಒಂದು ಪದರಿನಲ್ಲಿ ಮಾತ್ರ ತಡೆದಳು. ನಾನು ಹೊರಳಿ ನೋಡಿದೆ. "ಇಲ್ಲ, ನನ್ನ ಕಣ್ಣಾಗ ನೀರ ಬಂದಿದ್ವು, ಮಬ್ಬ ಕಂಡಿತ್ತು. ಸರಿ ಐತಿ," ಎಂದಳು. ಮೂರೂ ನಲವತ್ತಕ್ಕೆ ಕಳಿಸಿದೆವು. ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಮುಟ್ಟಿತೆಂದು ಮೇಡಂ ಬರೆದರು. ಅದರ ಕೆಳಗೆ ಇನ್ನೊಂದು ಸಾಲಿತ್ತು: 'ತಿರುಗಿಸದೇ ಕೂತಿತು.'

ಆ ಸಂಜೆ ಡಾಕ್ಟರು ಫೋನು ಮಾಡಲಿಲ್ಲ. ಮಂಗಳವಾರ ಬೆಳಿಗ್ಗೆಯೂ ಇಲ್ಲ. ನಾನು ಸೀರೆಯ ಒಂದು ಹಳೆಯ ಚಿತ್ತಾರ ತೆರೆದು ಕುಳಿತೆ. ಒಂದು ಹೂವನ್ನೂ ಮುಗಿಸಲಿಲ್ಲ. ತಂಗಿ ಎರಡು ಸಲ ಚಹಾ ತರಿಸಿದಳು. ಹನ್ನೆರಡರ ಮೇಲೆ ಮೇಡಂ ಫೋನು ಬಂತು. ದನಿ ಕೇಳುವ ಮೊದಲು ನಾನು ಎದ್ದು ನಿಂತಿದ್ದೆ.

"ಕಲ್ಲು ಬಂತು. ಒಂದೇ ಚುಚ್ಚು, ಹೊಸ ದಾರಿಯಲ್ಲಿ. ರಕ್ತ ಹೆಚ್ಚಿಗೆ ಹೋಗಿಲ್ಲ. ಡಾಕ್ಟರು ನಿಮಗೆ ಹೇಳೋಕೆ ಹೇಳಿದ್ರು."

ನಾನು ತಂಗಿಗೆ ತಲೆಯಾಡಿಸಿದೆ. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಇನ್ನೊಂದು," ಎಂದರು ಮೇಡಂ. "ಹನ್ನೊಂದನೆಯದು ನಾಳೆ ಕಳಿಸ್ತೀನಿ. ಇನ್ನು ಮೇಲೆ ಪ್ರತಿಯೊಂದರ ಜೊತೆಗೂ ಒಂದು ಹಾಳೆ ಬೇಕು. ಮಾಡಿದವರು ಯಾರು, ನೋಡಿದವರು ಯಾರು. ಎರಡೂ ಒಂದೇ ಸಹಿ ಇದ್ದರೆ ನಾನು ತಗೊಳ್ಳಲ್ಲ. ನಮ್ಮ ಹುಡುಗರಿಗೂ ಇದೇ ನಿಯಮ ಹಾಕಿದೀನಿ."

ಕೆಲಸ ಉಳಿದಿತ್ತು. ಆ ಮನುಷ್ಯನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಹನ್ನೊಂದನೆಯದು ಬಂತು. ಎಡಗಡೆಯ ಕಿಡ್ನಿ, ಕಲ್ಲು ಸಣ್ಣದು, ಯಾವ ತಕರಾರೂ ಇಲ್ಲದ್ದು. ನಾಲ್ಕು ದಿನದಲ್ಲಿ ಮುಗಿಸಿ, 'ಮಾಡಿದವರು' ಎಂಬಲ್ಲಿ ನನ್ನ ಸಹಿ ಹಾಕಿ, ಹಾಳೆಯನ್ನು ತಂಗಿಯ ಮುಂದೆ ಇಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಸಹಿ ಆಗಿರುತ್ತದೆಂದು ತಿಳಿದಿದ್ದೆ. ಬಂದು ನೋಡಿದರೆ ಅವಳು ಇನ್ನೂ ಅರವತ್ತನೆಯ ಪದರಿನಲ್ಲಿ ಇದ್ದಳು. ಪೆನ್ನು ಮುಚ್ಚಿಯೇ ಇತ್ತು.

"ಎಷ್ಟ ಹೊತ್ತ ನೋಡ್ತೀ? ಒಂದ ಸಹಿಕ?"

ಅವಳು ತಿರುಗಲಿಲ್ಲ. "ಕೆಳಗಿನ ಬಟ್ಟಲದ ಗ್ವಾಡಿ ಒಳಗ ಎರಡ ಹರಳ ಅಷ್ಟ ಬಿದ್ದಾವ ಅಣ್ಣಾ. ಮೂರ ಬೇಕಂತ ನೀವ ಹೇಳಿದ್ರಿ. ಇದು ಪಾಸಿಲ್ಲ. ಮತ್ತ ಮಾಡ್ರಿ."

ನಾನು ಬಗ್ಗಿ ನೋಡಿದೆ. ಎರಡೇ ಇದ್ದವು.

ಕುರ್ಚಿ ಎಳೆದುಕೊಂಡು ಕುಳಿತೆ.